ಚೈನು ಮತ್ತು ಚನ್ನಬಸವ್ವನ ಕಾಲು

ಜೂನ್ 30, ಸೋಮವಾರ

ಮತ್ತೆ ತಡ. ಮನೆಯಿರುವ ಕೋಥರೂಡ ಬಿಡುವ ಹೊತ್ತಿಗೇ ಮಳೆ ಶುರು. ರೇನ್‌ಕೋಟಿನ ಝಿಪ್ ಕೆಟ್ಟಿದೆ, ಎದೆಯೆಲ್ಲ ಒದ್ದೆ. ಡ್ರೆಸ್ಸಿಂಗ್ ಸಾಮಾನಿನ ಬ್ಯಾಗಿಗೆ ಮಾತ್ರ ಎರಡು ಪ್ಲಾಸ್ಟಿಕ್ ಸುತ್ತಿದ್ದೆ. ಅದು ನೆನೆಯಲಿಲ್ಲ, ಸಾಕು.

ತಳೇಗಾಂವದಲ್ಲಿ ನಾಲ್ಕು ಮನೆ. ಕೊನೆಗೆ ಚನ್ನಬಸವ್ವ ಆಯಿ. ಹೋಮ್ ಕೇರ್ ಆಫೀಸಿನವರು ಆ ಕಡೆಗೆ ಕಳಿಸುವ ನರ್ಸ್ ನಾನೊಬ್ಬನೇ. ಇಂಟರ್‌ವ್ಯೂದಲ್ಲಿ "ಬೈಕ್ ಇದೆ" ಎಂದಿದ್ದೆ. ಆಗ ಇರಲಿಲ್ಲ. ಕೆಲಸ ಸಿಕ್ಕ ಮೇಲೆ ಸೆಕೆಂಡ್ ಹ್ಯಾಂಡ್ ಒಂದನ್ನು ಕೊಂಡೆ. ಓಡಿಸಲು ಬರುತ್ತದೆ. ಅಷ್ಟೇ ಬರುತ್ತದೆ.

ಆಯಿ ಇಂಡಿ ಕಡೆಯವಳು. ಮಗ ಮಾಂತು ಇಲ್ಲಿಯ ಫ್ಯಾಕ್ಟರಿಯಲ್ಲಿ. ಇವಳು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಕಾಲೊನಿಯ ನಮ್ಮ ಕಡೆಯ ಹುಡುಗರಿಗೆಲ್ಲ ಕೊಡುತ್ತಾಳೆ. ಶುಗರ್ ಇದೆ. ಎಡಗಾಲಿನ ಕಿರುಬೆರಳ ಬುಡದಲ್ಲಿ ಹುಣ್ಣು. ಚಪ್ಪಲಿ ಕಚ್ಚಿದ್ದು, ಕಚ್ಚಿದ್ದೇ ಗೊತ್ತಾಗಲಿಲ್ಲವಂತೆ. ಸೋಮ, ಬುಧ, ಶುಕ್ರ ಡ್ರೆಸ್ಸಿಂಗ್. ಹುಣ್ಣಿನ ತಳ ಇಂದು ಕೆಂಪಗಿತ್ತು. ಒಳ್ಳೆಯ ಕೆಂಪು.

"ನಿಂತು ಕೆಲಸ ಮಾಡಬ್ಯಾಡ ಅಂದಿದ್ದೆನಲ್ಲ ಆಯಿ?"

"ರೊಟ್ಟಿ ಬಡಿಯೂದು ಕೈಲೆ. ಕಾಲು ಸುಮ್ನ ಇರ್ತದ."

"ಮತ್ತ ನಿಂತಿದ್ದು ಯಾವುದರ ಮ್ಯಾಲ?"

ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೈಗಿಟ್ಟಳು. ನನ್ನ ಬಾಯಿ ಮುಚ್ಚಿಸಲು ಅವಳಿಗೆ ಗೊತ್ತಿರುವ ದಾರಿ.

ಬೈಕಿನಿಂದ ಏನೋ ಸದ್ದು. ಕಟ್... ಕಟ್... ಗುಂಡಿ ಹಾರಿದಾಗ ಹೆಚ್ಚು.

ಜುಲೈ 3, ಗುರುವಾರ

ಸದ್ದು ಜೋರಾಗಿದೆ. ಹೆಲ್ಮೆಟ್ ಬಿಗಿ ಮಾಡಿದರೆ ಅಷ್ಟು ಕೇಳಿಸುವುದಿಲ್ಲ.

ಪೆಟ್ರೋಲ್ ಪಂಪಿನಲ್ಲಿ ಹಿಂದಿನ ಬೈಕಿನವನು ಬಗ್ಗಿ ನೋಡಿ, ಮರಾಠಿಯಲ್ಲಿ "ಚೇನ್ ಬಘ ರೇ ಭಾವು, ಲಯ್ ಲೂಜ್ ಆಹೆ," ಎಂದ. "ಹೋ, ಮಾಹಿತ್ ಆಹೆ," ಎಂದೆ — ಗೊತ್ತು ಅಂತೆ! ಏನು ಗೊತ್ತು? ಚೈನು ಎಷ್ಟು ಸಡಿಲ ಇದ್ದರೆ ಲೂಜು, ಎಷ್ಟಿದ್ದರೆ ಸರಿ?

ಯಾರನ್ನು ಕೇಳುವುದು. ಮೀಸೆ ಇರುವ ಗಂಡಸು, ತನ್ನ ಬೈಕಿನ ಚೈನಿನ ಬಗ್ಗೆ... ನಾಳೆ ನೋಡಿದರಾಯಿತು.

ಜುಲೈ 9, ಬುಧವಾರ

ಬಿದ್ದೆ.

ತಳೇಗಾಂವಕ್ಕೆ ಹೋಗುವಾಗ, ಸೋಮಾಟಣೆ ಫಾಟಾದ ತಿರುವಿನ ಹತ್ತಿರ. ಚೈನು ಕಳಚಿ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಂಡಿತು, ಹಿಂದಿನ ಗಾಲಿ ಒಮ್ಮೆಗೇ ಜಾಮ್. ಒದ್ದೆ ರಸ್ತೆ. ಹಿಂದೆ ಬರುತ್ತಿದ್ದ ಟ್ರಕ್ಕಿನವನು ಬ್ರೇಕ್ ಹಾಕಿದ, ಇಲ್ಲದಿದ್ದರೆ... ಬಲಮೊಣಕಾಲು ಕುಂಬಳಕಾಯಿಯಂತೆ ಊದಿದೆ. ಮೂಳೆ ಮುರಿದಿಲ್ಲ. ನಡೆಯುವ ಹಾಗಿಲ್ಲ.

ಆಫೀಸಿಗೆ ಫೋನ್ ಮಾಡಿದೆ. ಇವತ್ತಿನ ಮನೆಗಳಿಗೂ ಶುಕ್ರವಾರದ ಮನೆಗಳಿಗೂ ಬೇರೆಯವರನ್ನು ಕಳಿಸುತ್ತಾರಂತೆ. ಮಾಂತುವಿಗೂ ಹೇಳಿದೆ.

ಸುಲಭಾ ಅತ್ತೆ ಅರಿಶಿನದ ಪಟ್ಟು ಹಾಕಿ ಬೈದಳು. ಅವಳ ಮನೆಯಲ್ಲೇ ನಾನಿರುವುದು, ಬೈಯುವ ಹಕ್ಕಿದೆ. "ಆ ಗಾಡಿ ಮಾರು ಅಮರ, ಲೋಕಲ್ ಟ್ರೇನಿಗೆ ಹೋಗು."

ಜುಲೈ 14, ಸೋಮವಾರ

ಆಯಿಯ ಮನೆಗೆ ಯಾರೂ ಹೋಗಿಲ್ಲ. ಬುಧವಾರವೂ ಇಲ್ಲ, ಶುಕ್ರವಾರವೂ ಇಲ್ಲ.

ಲೋಕಲ್ ಹಿಡಿದು, ಸ್ಟೇಷನ್ನಿನಿಂದ ರಿಕ್ಷಾ ಮಾಡಿ, ಕುಂಟುತ್ತ ಹೋದೆ. ಬಾಗಿಲಲ್ಲೇ ವಾಸನೆ ಬಂತು. ಕಳೆದ ಸೋಮವಾರ ನಾನೇ ಸುತ್ತಿದ ಬ್ಯಾಂಡೇಜ್, ಹಾಗೇ ಇದೆ. ಬಿಚ್ಚಿದೆ. ಬೆರಳು ಕಪ್ಪು. ಪಾದದ ಮೇಲೆಲ್ಲ ಕೆಂಪು ಏರಿದೆ — ಕೆಟ್ಟ ಕೆಂಪು. ಮೈ ಬೆಚ್ಚಗಿದೆ. ಆದರೂ ಅವಳು ಒಲೆಯ ಮುಂದೆ.

"ಆಯಿ, ನನಗ ಒಂದು ಫೋನ್ ಮಾಡಬಾರದೇನು?"

"ನೀ ಬಿದ್ದೀ ಅಂತ ಮಾಂತು ಹೇಳಿದ್ನಲ್ಲೋ. ಬಿದ್ದಾಂವಗ ಏನಂತ ಫೋನ್ ಮಾಡ್ಲಿ?"

ಅಲ್ಲಿಂದಲೇ ಆಸ್ಪತ್ರೆಗೆ. ಎಕ್ಸ್‌ರೇ ಆಯಿತು. ಬೆರಳು ಉಳಿಯುವುದಿಲ್ಲ ಎಂದರು ಡಾಕ್ಟರು. ಪಾದ? "ಈಗಲೇ ಹೇಳಲಾರೆ," ಎಂದರು.

ಮಾಂತು ನನಗೂ ಒಂದು ಚಹಾ ತಂದುಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 17, ಗುರುವಾರ

ಕಿರುಬೆರಳು ತೆಗೆದರು. ಗಾಯ ತೆರೆದೇ ಬಿಟ್ಟಿದ್ದಾರೆ, ದಿನಾ ತೊಳೆದು ಕಟ್ಟಬೇಕು. ಜ್ವರ ಇಳಿದಿದೆ. ಪಾದದ ಕೆಂಪು ಒಂದು ಬೆರಳಷ್ಟು ಹಿಂದೆ ಸರಿದಿದೆ. ಪೆನ್ನಿನಿಂದ ಗೆರೆ ಹಾಕಿ ನೋಡುತ್ತಿದ್ದೇನೆ.

ಮಂಚದ ಪಕ್ಕ ಕೂತಿದ್ದೆ. ಆಯಿಯೇ ಮಾತು ಶುರು ಮಾಡಿದಳು.

"ಅದು ಎಂದೂ ಕೆಲಸ ಮಾಡಿದ್ದಲ್ಲ ಬಿಡೋ. ಮನ್ಯಾಗ ಕಿರೀ ಮಗ ಇರ್ತಾನಲ್ಲ, ಹಂಗ. ಮೂಲ್ಯಾಗ ಸುಮ್ನ ಮಲಗಿತ್ತು."

ಮಾಂತು ಅಲ್ಲೇ ನಿಂತಿದ್ದ. ಅವನೇ ಕಿರಿಮಗ. ಮೊದಲು ಅವನು ನಕ್ಕ, ಆಮೇಲೆ ನಾನು. ಆಮೇಲೆ ಮಾಂತು ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಜುಲೈ 20, ಭಾನುವಾರ

ಗ್ಯಾರೇಜಿನಿಂದ ಬೈಕ್ ಬಂತು. ಹೊಸ ಚೈನು, ಹೊಸ ಹಲ್ಲಿನ ಚಕ್ರ. ಹಳೆಯದನ್ನು ಚೀಲದಲ್ಲಿ ಹಾಕಿ ಕೊಟ್ಟಿದ್ದಾರೆ — ತುಕ್ಕು, ಕೆಲವು ಕೊಂಡಿ ಬಗ್ಗುವುದೇ ಇಲ್ಲ. ಇದರ ಮೇಲೆ ಕೂತು ಹೆದ್ದಾರಿಯಲ್ಲಿ ಓಡಾಡುತ್ತಿದ್ದೆ.

ಮಾರುವುದಿಲ್ಲ. ಕಲಿಯುತ್ತೇನೆ.

ಸಂಜೆ ಮೇಲಿನ ಮನೆಯ ಬೆಲ್ ಒತ್ತಿದೆ. ಪ್ರೇಮಾವತಿ ಮೇಡಂ, ಬ್ಯಾಂಕ್ ಮ್ಯಾನೇಜರ್, ಮೈಸೂರಿನವರು. ನಮ್ಮ ಸೊಸೈಟಿಯಲ್ಲಿ ತಮ್ಮ ಬೈಕನ್ನು ತಾವೇ ರಿಪೇರಿ ಮಾಡಿಕೊಳ್ಳುವವರು ಅವರೊಬ್ಬರೇ. ಸೀದಾ ಹೇಳಿದೆ — ನನಗೆ ಏನೂ ಗೊತ್ತಿಲ್ಲ, ಮೊದಲಿನಿಂದ ಹೇಳಿಕೊಡಿ.

"ಏನೂ ಗೊತ್ತಿಲ್ಲದೇನೇ ಇಷ್ಟು ದಿನ ಓಡಿಸಿದ್ಯೇನಪ್ಪಾ? ದೇವರು ದೊಡ್ಡೋನು. ಬಾ ಕೆಳಗೆ."

ಪಾರ್ಕಿಂಗಿನಲ್ಲಿ ಪಾಠ. ಬೈಕನ್ನು ನಡುಸ್ಟ್ಯಾಂಡಿಗೆ ಹಾಕು. ಕೀ ತೆಗೆದು ಜೇಬಿಗೆ ಹಾಕು — ಮೊದಲ ನಿಯಮ. ಹಳೆಯ ಬ್ರಶ್ಶಿನಿಂದ ಸೀಮೆಎಣ್ಣೆ ತಿಕ್ಕು. ಬಟ್ಟೆಯಿಂದ ಒರೆಸು, ಪೂರ್ತಿ ಒಣಗಲಿ. ಆಮೇಲೆ ಗಾಲಿಯನ್ನು ಕೈಯಿಂದ ತಿರುಗಿಸುತ್ತ ಚೈನಿನ ಒಳಮೈಗೆ ಎಣ್ಣೆ. ಹೆಚ್ಚಾದದ್ದನ್ನು ಒರೆಸಿಬಿಡು, ಇಲ್ಲದಿದ್ದರೆ ಧೂಳು ಅಂಟುತ್ತದೆ.

"ಕೆಲವರು ಇಂಜಿನ್ ಸ್ಟಾರ್ಟ್ ಮಾಡ್ಕೊಂಡೇ ಚೈನ್ ಒರೆಸ್ತಾರೆ. ಅವರನ್ನ ಗುರುತು ಹಿಡಿಯೋದು ಸುಲಭ. ಬೆರಳು ಎಣಿಸಿದ್ರೆ ಸಾಕು."

ನಗಲಾಗಲಿಲ್ಲ. ಅವರು ನನ್ನ ಮುಖ ನೋಡಿದರು. ಆಯಿಯ ಬೆರಳಿನ ಕಥೆ ಹೇಳಿದೆ, ಎಲ್ಲ. ಮೇಡಂ ಎಣ್ಣೆಯ ಬಟ್ಟೆ ಮಡಿಸಿಟ್ಟರು.

"ಸರಿ," ಎಂದರು. "ಇನ್ನು ಟೈರ್ ನೋಡೋಣ."

ಜುಲೈ 27, ಭಾನುವಾರ

ಒಬ್ಬನೇ ಮಾಡಿದೆ. ಟೈರಿನ ಗಾಳಿ ಬೆಳಿಗ್ಗೆ, ಗಾಡಿ ಓಡಿಸುವ ಮುಂಚೆ — ಓಡಿದ ಮೇಲೆ ಟೈರು ಬಿಸಿಯಾಗಿ ಮೀಟರ್ ಸುಳ್ಳು ಹೇಳುತ್ತದೆ. ಆಯಿಲ್ ನೋಡಿದೆ: ಸಮ ನೆಲ, ಕಡ್ಡಿ ತೆಗೆದು ಒರೆಸಿ ಮತ್ತೆ ಅದ್ದಬೇಕು. ಕೆಳಗಿನ ಗೆರೆಗೂ ಕೆಳಗಿತ್ತು! ತುಂಬಿಸಿದೆ.

ಚೈನು ಬಿಗಿ ಮಾಡಿದೆ. ಹೆಮ್ಮೆಯಿಂದ ಮೇಡಂಗೆ ತೋರಿಸಿದೆ. ಒಂದು ಬೆರಳಿನಿಂದ ಕೆಳಗಿನಿಂದ ಒತ್ತಿ ನೋಡಿದರು.

"ಇದೇನಪ್ಪ, ವೀಣೆ ತಂತಿನಾ? ನೀನು ಮೇಲೆ ಕೂತ್ರೆ ಇನ್ನೂ ಬಿಗಿಯಾಗುತ್ತೆ. ಎರಡು ಬೆರಳು ದಪ್ಪ ಮೇಲೆ-ಕೆಳಗೆ ಆಡಬೇಕು."

ಎಲ್ಲ ಬಿಚ್ಚಿ ಮತ್ತೆ ಮೊದಲಿಂದ. ಗಾಲಿಯ ಎರಡೂ ಬದಿಯಲ್ಲಿ ಗುರುತಿನ ಗೆರೆಗಳಿವೆ, ಅವು ಒಂದೇ ಸಮ ಇರಬೇಕು. ಇಲ್ಲವಾದರೆ ಗಾಲಿ ಓರೆ. ಮೂರು ಸಲ ಮಾಡಿದೆ. ಉಗುರಿನ ಸಂದಿಯ ಕಪ್ಪು ಹೋಗುತ್ತಿಲ್ಲ. ನಾಳೆ ಗ್ಲೌಸ್ ಇದೆಯಲ್ಲ.

ಆಗಸ್ಟ್ 4, ಸೋಮವಾರ

ಆಯಿ ಮನೆಗೆ ಬಂದಳು. ಪಾದ ಉಳಿಯಿತು! ಡಾಕ್ಟರು ಇವತ್ತು ಹಾಗೆಂದೇ ಹೇಳಿದರು. ಗಾಯ ತುಂಬಲು ತಿಂಗಳುಗಳೇ ಬೇಕು. ಮತ್ತೆ ಹುಣ್ಣಾದರೆ ಮಾತ್ರ ಗ್ಯಾರಂಟಿ ಇಲ್ಲ.

ಒಂದು ಕೈಗನ್ನಡಿ ಒಯ್ದಿದ್ದೆ. ನೆಲದ ಮೇಲಿಟ್ಟು ದಿನಾ ಎರಡೂ ಅಂಗಾಲು ನೋಡಿಕೊಳ್ಳಬೇಕು ಎಂದೆ.

"ಈ ವಯಸ್ಸಿನ್ಯಾಗ ಕಾಲಿಗೆ ಕನ್ನಡಿ ಹಿಡೀಲೇನು? ಮಂದಿ ನಗ್ತಾರ."

ಬೇರೇನೂ ತೋಚದೆ ಬೈಕಿನ ವಿಷಯ ಹೇಳಿದೆ. ಬೆಳಿಗ್ಗೆ ಹೊರಡುವ ಮುಂಚೆ ಏನೇನು ನೋಡುತ್ತೇನೆ — ಟೈರು, ಚೈನು, ಬ್ರೇಕು, ಲೈಟು. ಗಮನವಿಟ್ಟು ಕೇಳಿದಳು.

"ನಿನ್ನ ಗಾಡಿ ಛಲೋ ಅದಪ್ಪ. ಕೆಟ್ಟರ ಕಟಕಟ ಅಂತದ. ನನ್ನ ಕಾಲು ಏನೂ ಅನ್ನೂದಿಲ್ಲ."

ಕನ್ನಡಿ ತೆಗೆದುಕೊಂಡು ದಿಂಬಿನ ಕೆಳಗೆ ಇಟ್ಟಳು. ನೋಡುತ್ತಾಳೋ ಇಲ್ಲವೋ.

ಆಗಸ್ಟ್ 24, ಭಾನುವಾರ

ಕ್ಲಚ್ ಕೇಬಲ್. ಹ್ಯಾಂಡಲ್ ಹತ್ತಿರ ಎರಡು ಎಳೆ ಹರಿದು ಮುಳ್ಳಿನಂತೆ ಎದ್ದಿದ್ದವು. ಮೊದಲಾಗಿದ್ದರೆ ಕಣ್ಣಿಗೇ ಬೀಳುತ್ತಿರಲಿಲ್ಲ. ಬದಲಾಯಿಸಲು ಅರ್ಧ ದಿನ. ಒಂದು ಸಣ್ಣ ನಟ್ಟು ಉರುಳಿ ಮೋರಿಗೆ ಬಿತ್ತು. ಮೇಡಂ ಬಾಲ್ಕನಿಯಿಂದ ನೋಡುತ್ತ ಚಹಾ ಕುಡಿಯುತ್ತಿದ್ದರು. ಇಳಿದು ಬರಲಿಲ್ಲ. "ಇನ್ನೊಂದು ನಟ್ಟು ತಗೊಂಡ್ ಬಾ, ನನ್ನ ಮುಖ ಯಾಕೆ ನೋಡ್ತೀಯ?"

ಆಯಿತು. ಕ್ಲಚ್ ಬೆಣ್ಣೆಯ ಹಾಗಿದೆ. ಸಂಜೆ ಸುಲಭಾ ಅತ್ತೆ ತಾನಾಗಿಯೇ ಕೇಳಿದಳು, "ಕರ್ವೆ ರೋಡ್ ತನಕ ಬಿಡ್ತೀ ಏನು, ಗಣಪತಿ ಸಾಮಾನು ತರಬೇಕು." ಮಾರು ಎಂದವಳು ಇವಳೇ.

ಸೆಪ್ಟೆಂಬರ್ 11, ಗುರುವಾರ

ಹಬ್ಬದ ಗದ್ದಲದಲ್ಲಿ ಬರೆಯಲಾಗಲಿಲ್ಲ. ರಸ್ತೆಗಳೆಲ್ಲ ಬಂದ್ ಇದ್ದ ದಿನವೂ ಸುತ್ತು ಹಾಕಿಕೊಂಡು ಹೋದೆ. ಒಂದು ಡ್ರೆಸ್ಸಿಂಗೂ ತಪ್ಪಿಲ್ಲ.

ಇಂದು ಬೆಳಿಗ್ಗೆ ಬೈಕ್ ಒರೆಸುತ್ತಿದ್ದಾಗ ಫೋನ್. ಆಯಿ. ಈ ತನಕ ಒಮ್ಮೆಯೂ ತಾನಾಗಿ ಫೋನ್ ಮಾಡಿದವಳಲ್ಲ. ಒರೆಸುವ ಬಟ್ಟೆ ಬಿಸುಟು ಎತ್ತಿದೆ.

"ಅಮರಾ... ಬಲಗಾಲ ಹಿಮ್ಮಡಿಗೆ ಕೆಂಪಗ ಏನೋ ಅದ. ನಿನ್ನೆ ಇದ್ದಿದ್ದಿಲ್ಲ."

"ಒಡದದೇನು?"

"ಒಡದಿಲ್ಲ. ರೂಪಾಯಿ ಅಗಲ ಅದ. ನೋವಿಲ್ಲ. ಕನ್ನಡ್ಯಾಗ ಕಾಣಸ್ತು."

"ಕಾಲು ಕೆಳಗ ಇಡಬ್ಯಾಡ. ಮಲಗು. ಬಂದೆ."

ಗುರುವಾರ ಅವಳ ದಿನವಲ್ಲ. ಹೋದೆ. ನಿಲ್ಲಬೇಡ ಎಂದ ಮೇಲೆ ಈಗ ನೆಲದ ಮೇಲೆ ಕಾಲು ಮಡಚಿ ಕೂತು ರೊಟ್ಟಿ ಬಡಿಯುತ್ತಾಳಲ್ಲ, ಬಲಹಿಮ್ಮಡಿ ಕಲ್ಲುನೆಲಕ್ಕೆ ತಿಕ್ಕಿ ತಿಕ್ಕಿ ಹಾಗಾಗಿದೆ. ಚರ್ಮ ಇನ್ನೂ ಗಟ್ಟಿ. ಇನ್ನೆರಡು ದಿನ ಬಿಟ್ಟಿದ್ದರೆ ಒಡೆಯುತ್ತಿತ್ತು. ದಪ್ಪ ಫೋಮ್ ಕಟ್ಟಿದೆ. ಎತ್ತರದ ಕಟ್ಟೆ, ಕುರ್ಚಿ — ಇವತ್ತೇ ಆಗಬೇಕು ಎಂದೆ. ಮಾಂತು ಪಕ್ಕದ ಮನೆಯ ಟೇಬಲ್ ಹೊತ್ತುಕೊಂಡು ಬಂದ.

"ದಿನಾ ನೋಡ್ತೀ ಏನು ಆಯಿ?"

"ಮತ್ತ? ನೀ ಗಾಡಿ ನೋಡೂ ಹೊತ್ತಿಗೆ ನಾ ಕಾಲು ನೋಡ್ತೀನಿ." ಕನ್ನಡಿಯನ್ನು ದಿಂಬಿನ ಕೆಳಗೆ ತುರುಕಿ, "ಮೊದ್ಲ ಫೋನ್ ಮಾಡಬೇಕಿತ್ತು ನಾ. ಆಗ."

"ಮೊದ್ಲ ಚೈನ್ ನೋಡಬೇಕಿತ್ತು ನಾ," ಎಂದೆ.

ಬರುವಾಗ ದಾರಿಯಲ್ಲಿ ಬಿಸಿಲು ಬಿದ್ದಿತ್ತು. ಹೆಲ್ಮೆಟ್ಟಿನೊಳಗೆ ಹಾಡುತ್ತಿದ್ದೆ ಅನಿಸುತ್ತದೆ. ಸಿಗ್ನಲ್ಲಿನಲ್ಲಿ ಪಕ್ಕದವನು ತಿರುಗಿ ನೋಡಿದ.

ಅಕ್ಟೋಬರ್ 1, ಬುಧವಾರ

ಖಂಡೆ ನವಮಿ, ಆಯುಧಪೂಜೆ. ಮೇಡಂ ತಮ್ಮ ಬೈಕಿಗೆ ತಂದ ಚೆಂಡುಹೂವಿನ ಮಾಲೆಯಲ್ಲಿ ಅರ್ಧ ಕತ್ತರಿಸಿ ನನ್ನದಕ್ಕೂ ಹಾಕಿದರು. ಚೈನಿನ ಮೇಲೆ ಬೆರಳಾಡಿಸಿ ನೋಡಿದರು. ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಫಸ್ಟ್ ಕ್ಲಾಸ್.

ಆಯಿಯ ಗಾಯ ಈಗ ಜೋಳದ ಕಾಳಷ್ಟೇ ಇದೆ.

ಅಕ್ಟೋಬರ್ 10, ಶುಕ್ರವಾರ

ಮುಚ್ಚಿತು. ಪೂರ್ತಿ. ಎಳೆ ಚರ್ಮ, ಈರುಳ್ಳಿ ಸಿಪ್ಪೆಯ ಹಾಗೆ. ಇಂದು ಬ್ಯಾಂಡೇಜ್ ಕಟ್ಟಲಿಲ್ಲ. ಕೈ ಸುಮ್ಮನೆ ಬ್ಯಾಗಿಗೆ ಹೋಗಿ ವಾಪಸ್ ಬಂತು.

ಇಷ್ಟಕ್ಕೇ ನಡೆಯುವ ಹಾಗಿಲ್ಲ. ಸೋಮವಾರ ಆಸ್ಪತ್ರೆಗೆ ಚಪ್ಪಲಿ ಮಾಡುವವರು ಬರುತ್ತಾರೆ, ಪಾದದ ಅಳತೆಗೆ ಮಾಡಿದ ಮೆತ್ತನೆಯ ಜೋಡಿ ತರುತ್ತಾರೆ. ಅದು ಸರಿಹೊಂದಿದರೆ ಮಾತ್ರ ನಡಿಗೆ.

ಅಕ್ಟೋಬರ್ 13, ಸೋಮವಾರ, ಹನ್ನೊಂದು ಗಂಟೆ

ತಳೇಗಾಂವದ ಆಸ್ಪತ್ರೆಯ ಬೆಂಚಿನ ಮೇಲೆ.

ಮಾಂತುವಿಗೆ ರಜೆ ಸಿಗಲಿಲ್ಲ, ಹೇಳಿದ್ದ ರಿಕ್ಷಾ ಬರಲಿಲ್ಲ. ಆಯಿ ಅಂಗಳದಲ್ಲಿ ನನ್ನ ಬೈಕ್ ನೋಡಿ, "ಇದರ ಮ್ಯಾಲ ಹೋಗೂಣಲ್ಲ," ಎಂದಳು. ಬೇಡ ಎಂದೆ. "ಯಾಕ, ನಿನ್ನ ಗಾಡಿ ಮ್ಯಾಲ ನಿನಗ ನಂಬಿಕಿ ಇಲ್ಲೇನು?"

ಇದೆ. ಇದೆಯಲ್ಲ ಈಗ.

ಇಬ್ಬರು ಕೂತರೆ ಹಿಂದಿನ ಟೈರಿಗೆ ಗಾಳಿ ಹೆಚ್ಚು ಬೇಕು, ಎಷ್ಟೆಂದು ಚೈನ್ ಕವರಿನ ಮೇಲೇ ಬರೆದಿದೆ. ಪಂಪ್ ಬ್ಯಾಗಿನಲ್ಲೇ ಇತ್ತು, ತುಂಬಿಸಿದೆ. ಬ್ರೇಕ್ ಒತ್ತಿ ನೋಡಿದೆ. ಮಾಂತುವಿನ ಹೆಲ್ಮೆಟ್ ಕೊಟ್ಟೆ. ಹಾಕಿಕೊಂಡು, "ತಲಿ ಮ್ಯಾಲ ಸೆರಗಿಲ್ಲದ ಹೆಂಗ ಹೋಗ್ಲಿ?" ಎಂದು ಹೆಲ್ಮೆಟ್ಟಿನ ಮೇಲೆ ಸೆರಗು ಹೊದ್ದಳು. ಸೆರಗಿನ ತುದಿ ಸೊಂಟಕ್ಕೆ ಗಟ್ಟಿಯಾಗಿ ಸಿಕ್ಕಿಸಿದ್ದು ನಾನೇ, ಚೈನಿಗೆ ಸಿಗಬಾರದು. ಕಾಲೊನಿಯ ಹುಡುಗರು ಸೀಟಿ ಹೊಡೆದರು. ಅವಳು ನನ್ನ ಹೆಗಲು ಬಿಟ್ಟು ಅವರಿಗೆ ಕೈ ಬೀಸಿದಳು! ಬೈದೆ. ಕೇಳಿಸದವಳಂತೆ ಕೂತಳು.

ನಿಧಾನ ಬಂದೆ. ಏನೂ ಸದ್ದಿಲ್ಲ ಕೆಳಗೆ. ಟೈರಿನ ಸದ್ದು, ಗಾಳಿಯ ಸದ್ದು, ಹಿಂದೆ ಅವಳ ಬಳೆ.

ಈಗ ಒಳಗೆ ಚಪ್ಪಲಿ ಹಾಕುತ್ತಿದ್ದಾರೆ. ನನ್ನನ್ನು ಹೊರಗೆ ಕೂರಿಸಿದ್ದಾಳೆ — "ನೀ ಎದುರಿಗಿದ್ರ ನನಗ ನಡೀಲಿಕ್ಕೆ ಬರೂದಿಲ್ಲ."

ಬಾಗಿಲು ಅರ್ಧ ತೆರೆದಿದೆ. ಎದ್ದು ನಿಂತಳು. ಗೋಡೆ ಹಿಡಿದಿದ್ದಾಳೆ. ಒಂದು ಹೆಜ್ಜೆ. ಗೋಡೆ ಬಿಟ್ಟಳು. ಸಿಸ್ಟರ್ ಕೈ ಚಾಚಿದರು, ಬೇಡ ಅಂದಳು. ಬಾಗಿಲ ಕಡೆಗೇ ಬರುತ್ತಿದ್ದಾಳೆ, ನನ್ನ ಕಡೆಗೇ, ಯಾರನ್ನೂ ಹಿಡಿಯದೆ, ಒಂದೊಂದೇ —