ಬಿಟ್ಟುಹೋದ ಎರಡನೆಯ ವಾಕ್ಯ

12 ನವೆಂಬರ್ 1958, ಬುಧವಾರ

ಗಿರಣಿ ಕಾರ್ಮಿಕ ಸಿದ್ದಮಲ್ಲಪ್ಪನವರ ಮಾತು ಇನ್ನೂ ಕಿವಿಯಲ್ಲಿದೆ.

ಸಂಜೆ ಪಾರ್ಕಿನ ರೇಡಿಯೋ ಕಂಬದ ಕೆಳಗೆ ನನ್ನ ಪಕ್ಕದಲ್ಲೇ ಕೂತಿದ್ದರು. ‘ಗಿರಣಿಯಲ್ಲಿ ಕೆಲಸ ಎಂದಿನಂತೆ ನಡೆಯುತ್ತಿದೆ ಎಂದು ಆಡಳಿತ ವರ್ಗ ತಿಳಿಸಿದೆ’ ಎಂದು ಸುದ್ದಿ ಬಂತು. ಅವರು ತಮ್ಮ ಕೈ ನೋಡಿಕೊಂಡು, “ಹಂಗಾದ್ರೆ ನಾನೀಗ ಮಗ್ಗದ ಮುಂದಿದ್ದೀನಿ ಕಣ್ರೀ. ಇಲ್ಲಿ ಕಡ್ಲೆಕಾಯಿ ತಿಂತಿರೋನು ಬೇರೆ ಯಾರೋ” ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ರೇಡಿಯೋ ಕೇಂದ್ರದಲ್ಲಿ ಆ ಸುದ್ದಿ ಬರೆದವನು ನಾನೇ ಎಂದು ಅವರಿಗೆ ಗೊತ್ತಿಲ್ಲ.

ನನ್ನ ಕರಡಿನಲ್ಲಿ ಎರಡನೆಯ ವಾಕ್ಯವೂ ಇತ್ತು: ಮುನ್ನೂರು ಕಾರ್ಮಿಕರು ಒಂಬತ್ತು ದಿನಗಳಿಂದ ಗಿರಣಿಯ ಗೇಟಿನ ಹೊರಗಿದ್ದಾರೆ. ಸುದ್ದಿಗೆ ಕೊಟ್ಟ ಹೊತ್ತು ಸಾಲದೆ ಒಂದು ವಾಕ್ಯ ಬಿಡಬೇಕಾಯಿತು. ಯಾರೂ ಹೇಳಲಿಲ್ಲ, ನಾನೇ ಅದನ್ನು ಹೊಡೆದುಹಾಕಿದೆ. ಆಡಳಿತದ ಮಾತನ್ನು ಉಳಿಸಿಕೊಂಡರೆ ನನ್ನನ್ನು ಯಾರೂ ಪ್ರಶ್ನಿಸುವುದಿಲ್ಲವಲ್ಲ.

ಅನುವಾದಿತ ಕಾದಂಬರಿಯನ್ನು ಮೂಲದೊಂದಿಗೆ ಹೋಲಿಸಿ ಓದುವಾಗ ಒಂದು ಪ್ಯಾರಾ ಬಿಟ್ಟುಹೋಗಿದ್ದರೂ ಅಂಚಿನಲ್ಲಿ ಗುರುತು ಹಾಕುವವನು ನಾನು. ಉಳಿದದ್ದೆಲ್ಲ ಸರಿಯಿದೆ ಎಂಬ ಸಮಜಾಯಿಷಿಯನ್ನು ಯಾವ ಅನುವಾದಕ ಕೊಟ್ಟರೂ ಒಪ್ಪಿದವನಲ್ಲ.

ನಾಳೆಯ ಸುದ್ದಿಯಲ್ಲಿ ಎರಡೂ ವಾಕ್ಯಗಳು ಹೋಗುತ್ತವೆ. ಹೊತ್ತು ಸಾಲದಿದ್ದರೆ ಸಚಿವರ ಶಂಕುಸ್ಥಾಪನೆಯ ಸುದ್ದಿಯನ್ನು ಬಿಡುತ್ತೇನೆ. ಅಧಿಕಾರಿಗಳು ಆ ವಾಕ್ಯವನ್ನು ಹೊಡೆದುಹಾಕುವುದಾದರೆ ಪಕ್ಕದಲ್ಲಿ ಸಹಿ ಹಾಕಿ ಹೊಡೆದುಹಾಕಲಿ. ನಾಳೆ ಸಂಜೆ ಸುದ್ದಿ ಶುರುವಾಗುವ ಮೊದಲೇ ಸಿದ್ದಮಲ್ಲಪ್ಪನವರಿಗೆ ಇವತ್ತಿನ ಸುದ್ದಿ ನನ್ನ ಕೆಲಸವೆಂದು ಹೇಳಿಬಿಡಬೇಕು.

ಕರಡು ತಿದ್ದಲು ಮರೆಯಬಾರದು. ನಾಳೆಗೆ ಒಂಬತ್ತಲ್ಲ, ಹತ್ತು ದಿನ.