ಫರ್ನೇಸ್ ಬದಲಿಸುವ ಅರ್ಜಿ

ಪ್ಲೆಸೆಂಟನ್
ಜನವರಿ 11, 2026

ರಘು ಅವರೇ,

ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ಇಬ್ಬರ ದನಿಯೂ ಏರುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಜೊತೆಗೆ ಒಂದು ಅರ್ಜಿ ಇಟ್ಟಿದ್ದೇನೆ. ನೀವು ಮಗಳನ್ನು ಕರೆದುಕೊಂಡು ರೆಡ್‌ವುಡ್ ಸಿಟಿಯ ಅಪಾರ್ಟ್‌ಮೆಂಟಿಗೆ ಹೋಗಿ ಎರಡು ವರ್ಷವಾಗುತ್ತ ಬಂದರೂ ಈ ಮನೆ ಇನ್ನೂ ನಮ್ಮಿಬ್ಬರ ಹೆಸರಿನಲ್ಲೇ ಇದೆ. ಹಾಗಾಗಿ ನಿಮ್ಮ ಸಹಿ ಬೇಕು.

ಮನೆ ಬಿಸಿ ಮಾಡುವ ಗ್ಯಾಸ್ ಫರ್ನೇಸು ಹಳೆಯದಾಗಿತ್ತು. ಇನ್ನು ಮೂರು ವರ್ಷ ಕಳೆದರೆ ಇಲ್ಲಿ ಹೊಸ ಗ್ಯಾಸ್ ಫರ್ನೇಸು ಹಾಕಿಸುವಂತಿಲ್ಲ ಎಂಬ ನಿಯಮ ಬರಲಿದೆ ಎಂದು ದೀಪಾವಳಿಯ ದಿನ ನಾನು ಹೇಳಿದಾಗ ನೀವು, "ಅಷ್ಟರೊಳಗೆ ಇನ್ನೊಂದು ಗ್ಯಾಸಿಂದೇ ಹಾಕಿಸ್ಬಿಡು, ಮುಂದಿನದು ಮುಂದೆ ನೋಡ್ಕೊಳ್ಳೋಣ" ಅಂದಿದ್ದಿರಿ. ಯಾವುದಕ್ಕೂ ಒಬ್ಬ ಮೆಕ್ಯಾನಿಕ್ ಬಂದು ನೋಡಲಿ ಎಂದು ಡಿಸೆಂಬರಿನಲ್ಲಿ ಕರೆಸಿದೆ.

ಅವನು ಫರ್ನೇಸಿನ ಬಾಗಿಲು ತೆಗೆದು ಒಂದು ಮೀಟರು ಹಿಡಿದ. ಹಗಲಿಡೀ ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿದ. ಮನೆಯಿಂದಲೇ ಕೆಲಸ ಮಾಡುತ್ತೇನೆ, ನಾನೊಬ್ಬಳೇ ಎಂದೆ. ತಲೆನೋವು ಬರುತ್ತದೆಯೇ ಎಂದು ಕೇಳಿದ. ಬರುತ್ತದೆ ಎಂದೆ. ಕೂಡಲೇ ಅಂಗಳಕ್ಕೆ ಹೋಗಿ ನಿಲ್ಲಲು ಹೇಳಿ, ಗ್ಯಾಸ್ ಮುಚ್ಚಿ, ಫರ್ನೇಸಿಗೆ ಬಳಸಬಾರದೆಂಬ ಕೆಂಪು ಚೀಟಿ ಕಟ್ಟಿದ. ಒಳಗೆ ಉರಿಯ ಹೊಗೆಯನ್ನು ಮನೆಯ ಗಾಳಿಯಿಂದ ಬೇರೆ ಇಡುವ ತಗಡು ಬಿರುಕು ಬಿಟ್ಟಿತ್ತಂತೆ. ಇವತ್ತು ನಿನ್ನೆಯದಲ್ಲ, ಮೂರು ನಾಲ್ಕು ಚಳಿಗಾಲದಷ್ಟು ಹಳೆಯ ಬಿರುಕು ಎಂದ. ವಾಸನೆಯಿಲ್ಲದ ವಿಷಾನಿಲ ಅಷ್ಟು ದಿನವೂ ಕೊಳವೆಗಳ ಮೂಲಕ ನೇರ ನನ್ನ ಆಫೀಸು ರೂಮಿಗೆ ಬರುತ್ತಿತ್ತು.

ವಾಲ್ನಟ್ ಕ್ರೀಕಿನ ಡಾಕ್ಟರ್ ಮಾಧುರಿ ನಿಮಗೆ ನೆನಪಿರಬೇಕು, ಹುಬ್ಬಳ್ಳಿಯವಳು. ಅವತ್ತೇ ಬಂದು ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಳು. ವರದಿಯನ್ನು ನನ್ನ ಮುಂದಿಟ್ಟಳು. ಆಮೇಲೆ, "ನಿನ್ನ ತಲಿ ಕೆಟ್ಟಿಲ್ಲ ವಸುಧಾ, ನಿಮ್ಮನಿ ಗಾಳಿ ಕೆಟ್ಟೈತಿ" ಅಂದಳು. ಆ ಅನಿಲ ತಲೆಗೆ ಮಂಕು ಹಿಡಿಸಿ ಮರೆವು ತರುತ್ತದಂತೆ.

ನೀವು ಮನೆ ಬಿಡುವ ಮುಂಚೆ ಚಳಿಗಾಲದಲ್ಲಿ ನಾನು ನಿಹಾರಿಕಾಳನ್ನು ಶಾಲೆಯ ಗೇಟಿನಲ್ಲೇ ಎರಡು ತಾಸು ಮರೆತಿದ್ದೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎದುರು ಬರುವ ಗಾಡಿಗಳ ಲೇನಿಗೆ ಕಾರು ತಿರುಗಿಸಿದ್ದೆ. "ನಿನಗೆ ಮನಸ್ಸು ಸರಿಯಿಲ್ಲ ವಸು, ಮಗೂನ ನಿನ್ನ ಹತ್ರ ಬಿಡೋಕಾಗಲ್ಲ" ಎಂದು ನೀವು ಹೇಳಿದಿರಿ. ನಾನೂ ನಂಬಿದೆ. ಮನೋವೈದ್ಯರು ಕೊಟ್ಟ ಮಾತ್ರೆ ನುಂಗಿದೆ. ಏಪ್ರಿಲ್ ಬಂದು ಫರ್ನೇಸು ಆರಿಸಿದೊಡನೆ ಹುಷಾರಾಗುತ್ತಿದ್ದೆ. ಮಾತ್ರೆಯ ಗುಣ ಎಂದುಕೊಂಡಿದ್ದೆ.

ಇದನ್ನು ನಿಮ್ಮ ಮೇಲೆ ಹೊರಿಸಲು ಬರೆಯುತ್ತಿಲ್ಲ. ನೀವು ಹಿಂದಿರುಗಿ ಎಂದೂ ಕೇಳುತ್ತಿಲ್ಲ. ಅದು ಬೇರೆ ಮಾತು, ಅದಕ್ಕೆ ಬೇರೆ ಕಾರಣಗಳೂ ಇದ್ದವು.

ಹೀಟ್ ಪಂಪ್ ಹಾಕಿಸಲು ತೀರ್ಮಾನಿಸಿದ್ದೇನೆ. ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನೇ ಎಳೆದು ಒಳಗೆ ತರುತ್ತದೆ. ಉರಿ ಇಲ್ಲ, ಹೊಗೆ ಇಲ್ಲ. ಬೇಸಿಗೆಯಲ್ಲಿ ಅದೇ ಮನೆಯನ್ನು ತಂಪು ಮಾಡುತ್ತದೆ. ಈ ಅರ್ಜಿಯ ಸಹಾಯಧನ ಸಿಗಬೇಕಾದರೆ ಗ್ಯಾಸ್ ಸಂಪರ್ಕ ಪೂರ್ತಿ ತೆಗೆಸಬೇಕು, ವಿದ್ಯುತ್ತು ನವೀಕರಿಸಬಹುದಾದ ಮೂಲದ್ದೇ ಆಗಿರಬೇಕು ಎಂದು ಷರತ್ತು. ನೀವು ಹಾಕಿಸಿದ ಸೋಲಾರು ಚಳಿಗಾಲದಲ್ಲಿ ಸಾಲದು. ಉಳಿದದ್ದಕ್ಕೆ ವಿದ್ಯುತ್ ಕಂಪನಿಯ ಹಸಿರು ಯೋಜನೆಗೆ ಸೇರಿದ್ದೇನೆ. ಬರೀ ಎಲೆಕ್ಟ್ರಿಕ್ ಹೀಟರುಗಳನ್ನೂ ಪರಿಶೀಲಿಸಿದೆ. ಅವು ಮೂರು ಪಟ್ಟು ಕರೆಂಟು ತಿನ್ನುತ್ತವೆ.

ಒಲೆಯೂ ಇಂಡಕ್ಷನ್ ಆಗುತ್ತದೆ. ನಿಮ್ಮ ಅಮ್ಮ ಕೊಟ್ಟ ಹಿಂಡಾಲಿಯಂ ಪಾತ್ರೆಗಳು ಅದರ ಮೇಲೆ ಬಿಸಿಯಾಗುವುದಿಲ್ಲ. ಬೇಕಿದ್ದರೆ ತೆಗೆದುಕೊಂಡು ಹೋಗಿ.

ಕೆಲಸ ಫೆಬ್ರವರಿ ಎರಡನೇ ವಾರಕ್ಕೆ ಮುಗಿಯುತ್ತದೆ. ನಗರಸಭೆಯವರು ಬಂದು ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲೆ ನಿಹಾರಿಕಾ ಶನಿವಾರ ಭಾನುವಾರ ಇಲ್ಲಿರಲಿ. ನಾನು ಹುಷಾರಾಗಿದ್ದೇನೆಂದು ಮಾಧುರಿ ಬರೆದುಕೊಟ್ಟ ಪತ್ರವನ್ನೂ ಲಗತ್ತಿಸಿದ್ದೇನೆ. ಮೊನ್ನೆ ನಿಹಾರಿಕಾಳನ್ನೇ ಕೇಳಿದೆ. "Will it be warm?" ಎಂದಳು. ಹೂಂ ಎಂದೆ. "ಸರಿ ಅಮ್ಮ" ಎಂದು ಕನ್ನಡದಲ್ಲೇ ಹೇಳಿದಳು. ಉಳಿದದ್ದು ನಿಮ್ಮ ಒಪ್ಪಿಗೆ.

ಇತಿ,
ವಸುಧಾ

ಮತ್ತೆ: ಇದನ್ನು ಬರೆಯದೆ ಲಕೋಟೆ ಅಂಟಿಸಲು ನೋಡಿದೆ, ಆಗಲಿಲ್ಲ. ಮಹಡಿಯ ಹಾಲಿನಲ್ಲಿ ವಿಷಾನಿಲದ ಅಲಾರಂ ಇತ್ತು. ಬಿರುಕು ಬಿಟ್ಟ ಮೊದಲ ಚಳಿಗಾಲದಲ್ಲಿ ಅದು ಎರಡು ಸಲ ಕೂಗಿತು. ನಾನು ಮೀಟಿಂಗಿನಲ್ಲಿದ್ದೆ, ಹಾಳಾಗಿದೆ ಎಂದುಕೊಂಡು ಕಿತ್ತು ಕಸಕ್ಕೆ ಹಾಕಿದೆ. ಎಲ್ಲಿ ಹೋಯಿತೆಂದು ನೀವು ಕೇಳಿದಾಗ ಪೇಂಟಿನವರು ಒಡೆದರು ಎಂದು ಸುಳ್ಳು ಹೇಳಿದೆ. ಆಗ ನಿಹಾರಿಕಾಗೂ ಬೆಳಿಗ್ಗೆ ಬೆಳಿಗ್ಗೆ ತಲೆ ನೋಯುತ್ತಿತ್ತು. ಫೋನು ನೋಡುತ್ತೀಯೆಂದು ಬೈಯುತ್ತಿದ್ದೆ. ನೀವು ಅವಳನ್ನು ಇಲ್ಲಿಂದ ಕರೆದುಕೊಂಡು ಹೋದದ್ದು ಒಳ್ಳೆಯದಾಯಿತು.