ಗೋದಲಿಯಲ್ಲಿ ಮಣ್ಣಿನ ಮಗುವೇ ಇರಲಿ

ಪೂಜ್ಯ ಗುರುಗಳಿಗೆ ವಂದನೆಗಳು.

ಧರ್ಮಕೇಂದ್ರದ ಅತಿ ಕಿರಿಯ ಕೂಸನ್ನು ಕ್ರಿಸ್ಮಸ್ ಬಲಿಪೂಜೆಯಲ್ಲಿ ಗೋದಲಿಯೊಳಗೆ, ಬಾಲಯೇಸುವಿನ ಜಾಗದಲ್ಲಿ ಮಲಗಿಸುವುದು ನಮ್ಮ ಚರ್ಚಿನ ರೂಢಿ. ಈ ಸಲ ನನ್ನ ಮೊಮ್ಮಗನೆಂದು ಆಗಮನ ಕಾಲದ ಮೊದಲ ಭಾನುವಾರ ನೀವು ಹೇಳಿದಾಗ ಬೆಂಚಿನಲ್ಲಿ ತಲೆ ಎತ್ತಿ ಕೂತವಳು ನಾನೇ. ದಯವಿಟ್ಟು ಬದಲಾಯಿಸಿ, ಹಳೆಯ ಮಣ್ಣಿನ ಬಾಲಯೇಸುವನ್ನೇ ಇಡಿ. ಇದು ನಿಮ್ಮದೇ ತೀರ್ಮಾನ ಎನ್ನಿ. ನನ್ನ ಮಾತು ಎತ್ತಬೇಡಿ.

ಸೊಸೆ ಆ ದಿನಕ್ಕೆಂದೇ ಬಿಳಿ ಉಣ್ಣೆಯ ಟೊಪ್ಪಿ ಹೆಣೆಯುತ್ತಿದ್ದಾಳೆ. ಚಳಿ ಎಂದು ನೆಪ ಹೇಳಿದರೆ, "ಅತ್ತೆ, ನಿಮ್ಮ ಮಗನನ್ನ ಮಲಗಿಸಿದಾಗ ಚಳಿ ಇರಲಿಲ್ವಾ?" ಎಂದು ನಗುತ್ತಾಳೆ. ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು, "ಅಮ್ಮ, ಮಗುವಿನ ಹೃದಯ ತುಂಬಾ ಸೋತಿದೆ. ಮಾಡೋದೆಲ್ಲ ಮಾಡಿದೀವಿ, ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದದ್ದು ಅವಳಿಗೆ ಗೊತ್ತಿಲ್ಲ. ಮಗನಿಗೂ ಹೇಳಿಲ್ಲ. ಅವನ ಬಾಯಿ ಮುಚ್ಚಿದ್ದರೂ ಮುಖ ಹೇಳಿಬಿಡುತ್ತದೆ.

ಇನ್ನೊಂದು ಕೋರಿಕೆ. ನಾಳೆ ಬೆಳಿಗ್ಗೆಯೇ ಮನೆಗೆ ಬಂದು ಮಗುವಿಗೆ ದೀಕ್ಷಾಸ್ನಾನ ಕೊಡಿ. ಹಬ್ಬದ ಗಡಿಬಿಡಿಗೆ ಮೊದಲೇ ಮುಗಿಸೋಣ ಎಂದು ಸೊಸೆಗೆ ನೀವೇ ನಗುನಗುತ್ತಾ ಹೇಳಿ. ನಿಮ್ಮನ್ನು ನೋಡಿ ಅವಳು ಹೆದರಬಾರದು.

ಪ್ರಾಣಾಪಾಯದಲ್ಲಿ ಯಾರು ಬೇಕಾದರೂ ತಲೆಗೆ ನೀರು ಸುರಿದು ದೀಕ್ಷಾಸ್ನಾನ ಕೊಡಬಹುದೆಂದು ಜ್ಞಾನೋಪದೇಶದಲ್ಲಿ ಕಲಿತಿದ್ದೇನೆ. ಇಂದು ಮಧ್ಯಾಹ್ನ ಅವನ ತುಟಿ ನೀಲಿಗಟ್ಟಿದಂತೆ ಕಂಡು, ಲೋಟದಲ್ಲಿ ನೀರು ಹಿಡಿದು ತೊಟ್ಟಿಲ ಬಳಿ ನಿಂತೆ. ಹೇಳಬೇಕಾದ ಮಾತುಗಳೆಲ್ಲ ನೆನಪಿದ್ದವು. ಆದರೆ ಸುರಿದರೆ ಅವನನ್ನು ಕಳಿಸಿಕೊಡಲು ಒಪ್ಪಿದ ಹಾಗಾಗುತ್ತದೆ ಅನಿಸಿತು. ಆ ನೀರನ್ನು ನಾನೇ ಕುಡಿದುಬಿಟ್ಟೆ.

ತಡಮಾಡಬೇಡಿ.

ಇಂತಿ,
ಮಗುವಿನ ಅಜ್ಜಿ